ಶಾಲೆಗೆ ಬೀಗ ಬಿದ್ದಾಗ ದೊಡ್ಡವಳಾದ ಹುಡುಗಿ

(ತಾಲೂಕಿನ ಮಹಿಳಾ ಸ್ವಸಹಾಯ ಸಂಘಗಳ ಸಮಾವೇಶದಲ್ಲಿ ನಿವೃತ್ತ ಪ್ರೌಢಶಾಲಾ ಶಿಕ್ಷಕಿಯೊಬ್ಬರು ಆಡಿದ ಮಾತುಗಳ ಬರಹರೂಪ. ಹುಡುಗಿಯ ಗುರುತು ಸಿಗಬಾರದೆಂದು ಊರಿನ, ಶಾಲೆಯ, ಸಂಘದ ಹೆಸರುಗಳನ್ನು ಬಿಟ್ಟಿದ್ದೇವೆ.)



ವರದಕ್ಷಿಣೆ ಕಿರುಕುಳದ ಬಗ್ಗೆ ಮಾತಾಡಬೇಕೆಂದು ನನ್ನನ್ನು ಕರೆದಿದ್ದೀರಿ. ಆ ಮಾತಿಗೆ ಬಂದೇ ಬರುತ್ತೇನೆ. ಆದರೆ ಮೊದಲು ಒಂದು ಕಬ್ಬಿಣದ ಬೀರುವಿನ ಕತೆ ಹೇಳುತ್ತೇನೆ. ಆ ಬೀರುವಿನ ಬೀಗದ ಕೈ ನನ್ನ ಹತ್ತಿರ ಇತ್ತು. ಅದನ್ನು ತೆಗೆಯಬೇಕಾದ ಹೊತ್ತಿಗೆ ನಾನು ತೆಗೆಯಲಿಲ್ಲ. ಹಾಗಾಗಿ ಇವತ್ತು ನಾನು ನಿಮಗೆ ಬುದ್ಧಿ ಹೇಳಲು ಬಂದವಳಲ್ಲ. ನನ್ನ ತಪ್ಪನ್ನು ಮೊದಲು ಹೇಳಿ, ಆಮೇಲೆ ನಿಮ್ಮನ್ನೂ ಒಂದು ಪ್ರಶ್ನೆ ಕೇಳುತ್ತೇನೆ.

ನಾನು ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಟೀಚರ್ ಆಗಿದ್ದೆ. ತುಂಗಭದ್ರಾ ಎಡದಂಡೆ ಕಾಲುವೆಯ ಬದಿಯ ಊರು. ಸುತ್ತಲೂ ಬತ್ತದ ಗದ್ದೆ. 2022ರಲ್ಲಿ ನಿವೃತ್ತಳಾದೆ. ವಿಜ್ಞಾನ ಪಾಠ ಮಾಡುತ್ತಿದ್ದೆ, ಅದರ ಜೊತೆಗೆ ಹೆಣ್ಣುಮಕ್ಕಳ ಆರೋಗ್ಯದ ಜವಾಬ್ದಾರಿಯೂ ನನ್ನದೇ ಆಗಿತ್ತು. ಯಾಕೆಂದರೆ ಶಾಲೆಯಲ್ಲಿ ಇದ್ದ ಟೀಚರುಗಳಲ್ಲಿ ಹೆಂಗಸು ನಾನೊಬ್ಬಳೇ.

ಬೀರುವಿನಲ್ಲಿ ಏನಿತ್ತು?

ನಿಮ್ಮಲ್ಲಿ ಹಲವರ ಹೆಣ್ಣುಮಕ್ಕಳು ‘ಶುಚಿ’ ಪ್ಯಾಡುಗಳನ್ನು ಮನೆಗೆ ತಂದಿದ್ದಾರೆ. ನಮ್ಮ ರಾಜ್ಯ ಸರ್ಕಾರ 2013-14ರಲ್ಲಿ ಶುರು ಮಾಡಿದ ಯೋಜನೆ ಅದು. 10ರಿಂದ 19 ವರ್ಷದ ಹೆಣ್ಣುಮಕ್ಕಳಿಗೆ ಸರ್ಕಾರಿ ಶಾಲೆ, ಹಾಸ್ಟೆಲುಗಳ ಮೂಲಕ ತಿಂಗಳಿಗೆ 10 ಪ್ಯಾಡಿನ ಒಂದು ಕಟ್ಟು. ಪೆಟ್ಟಿಗೆಗಳು ಶಾಲೆಗೆ ಬರುತ್ತಿದ್ದವು. ನಾನು ಬೀರುವಿನಲ್ಲಿಟ್ಟು, ತಿಂಗಳಿಗೊಮ್ಮೆ ಕೊನೆಯ ಅವಧಿಯಲ್ಲಿ ಗಂಡುಮಕ್ಕಳನ್ನು ಆಟಕ್ಕೆ ಕಳಿಸಿ ಹಂಚುತ್ತಿದ್ದೆ. ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಳ್ಳುತ್ತಿದ್ದೆ.

ಆ ಸಹಿ ಪುಸ್ತಕ ಬಹಳ ಉಪಯೋಗಕ್ಕೆ ಬಂತು. ಯಾರು ಎರಡು ತಿಂಗಳಿಂದ ಸಹಿ ಹಾಕಿಲ್ಲ ಎಂದು ನೋಡಿದರೆ ಯಾರು ಶಾಲೆ ಬಿಡುತ್ತಿದ್ದಾಳೆ ಎಂದು ತಿಳಿಯುತ್ತಿತ್ತು. ಯಾರಿಗೆ ತಿಂಗಳಿಗೆ ಎರಡು ಸಲ ಆಗುತ್ತಿದೆ, ಯಾರಿಗೆ ಹತ್ತು ಹತ್ತು ದಿನ ಹೋಗುತ್ತಿದೆ ಎಂದು ಹುಡುಗಿಯರು ತಾವಾಗಿಯೇ ಹೇಳುತ್ತಿದ್ದರು. ವಾರಕ್ಕೊಂದು ನೀಲಿ ಮಾತ್ರೆ, ಅಂದರೆ ಕಬ್ಬಿಣಾಂಶದ ಮಾತ್ರೆ, ನನ್ನ ಕಣ್ಣೆದುರೇ ಬಿಸಿಯೂಟದ ಮೇಲೆ ನುಂಗುತ್ತಿದ್ದರು. ಶಾಲೆಯ ಶೌಚಾಲಯದ ಬಾಗಿಲಿಗೆ ಚಿಲಕ ಇತ್ತು. ಅವರಲ್ಲಿ ಎಷ್ಟೋ ಜನರ ಮನೆಯಲ್ಲಿ ಚಿಲಕವಿರುವ ಬಾಗಿಲೇ ಇರಲಿಲ್ಲ.

ಇದನ್ನೆಲ್ಲ ಯಾಕೆ ಹೇಳುತ್ತೇನೆಂದರೆ, ನಾವು ಶಾಲೆ ಅಂದರೆ ಪಾಠ, ಪರೀಕ್ಷೆ, ಪಾಸು, ಫೇಲು ಎಂದು ತಿಳಿದಿದ್ದೇವೆ. ಹನ್ನೆರಡು ಹದಿಮೂರು ವರ್ಷದ ಹುಡುಗಿಗೆ ಮನೆಯ ಹೊರಗೆ ಮುಟ್ಟಿನ ಮಾತನ್ನು ನಾಚಿಕೆಯಿಲ್ಲದೆ ಆಡಬಹುದಾದ ಜಾಗವೆಂದರೆ ನಮ್ಮೂರಿನಲ್ಲಿ ಅದೊಂದೇ ಇತ್ತು. ‘ದೊಡ್ಡಾಕಿ ಆಗ್ಯಾಳ’ ಎಂದು ಓಣಿಯವರು ಹೇಳಿದ ಮೇಲೂ ‘ಇವಳಿನ್ನೂ ಎಂಟನೆತ್ತಿ ಹುಡುಗಿ’ ಎಂದು ಹೇಳುವ ಜಾಗವೂ ಅದೊಂದೇ.

ಬಾಗಿಲು ಮುಚ್ಚಿತು

2020ರ ಮಾರ್ಚ್ ನಡುವಿನಲ್ಲಿ ಶಾಲೆಗಳು ಮುಚ್ಚತೊಡಗಿದವು. 24ರ ರಾತ್ರಿ ದೇಶಕ್ಕೆಲ್ಲ ಲಾಕ್‌ಡೌನ್ ಎಂದರು. 27ರಿಂದ ನಡೆಯಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದೆ ಹೋಯಿತು. ಪ್ಯಾಡನ್ನು ಅಗತ್ಯ ವಸ್ತು ಎಂದು ಮೊದಲು ಎಲ್ಲಿಯೂ ಬಿಡಿಸಿ ಬರೆದಿರಲಿಲ್ಲ. ದಾರಿಯಲ್ಲಿ ಲಾರಿಗಳು ನಿಂತವು. ಮಾರ್ಚ್ 29ರಂದು ಕೇಂದ್ರ ಗೃಹ ಕಾರ್ಯದರ್ಶಿಗಳು ಪತ್ರ ಬರೆದು, ಪ್ಯಾಡೂ ಅಗತ್ಯ ವಸ್ತುವೇ ಎಂದು ಸ್ಪಷ್ಟ ಮಾಡಬೇಕಾಯಿತು. ಮುಟ್ಟು ಲಾಕ್‌ಡೌನ್ ಕೇಳಿ ನಿಲ್ಲುವುದಿಲ್ಲ ಎಂದು ನೆನಪಾಗಲು ಐದು ದಿನ ಬೇಕಾದವು.

ನಮ್ಮ ಬೀರುವಿನಲ್ಲಿ ಆಗ ಮೂರು ಪೆಟ್ಟಿಗೆ ಪ್ಯಾಡು ಇದ್ದವು. ಹಂಚಬಹುದೇ ಎಂದು ನಾನು ಮೇಲಿನವರನ್ನು ಕೇಳಿದೆ. ‘ಆದೇಶ ಬರಲಿ, ಕಾಯಿರಿ’ ಎಂದರು. ನಾನು ಕಾಯ್ದೆ. ಏಪ್ರಿಲ್ ಕಾಯ್ದೆ, ಮೇ ಕಾಯ್ದೆ. ಬೀರುವಿನ ಬೀಗದ ಕೈ ನನ್ನ ಮನೆಯ ಮೊಳೆಗೆ ತೂಗುತ್ತಿತ್ತು. ಶಾಲೆಗೂ ನನ್ನ ಮನೆಗೂ ಅರ್ಧ ಮೈಲಿ ದಾರಿ. ಬೇಳೆ ಅಕ್ಕಿ ಹಂಚಲು ನಾವು ಹೋಗಿ ಬಂದೆವು. ಅದರ ಜೊತೆಗೆ ಆ ಪೆಟ್ಟಿಗೆ ಒಯ್ದಿದ್ದರೆ ನನ್ನನ್ನು ಯಾರೂ ಗಲ್ಲಿಗೇರಿಸುತ್ತಿರಲಿಲ್ಲ. ಈಗ ಹಾಗೆ ಅನ್ನಿಸುತ್ತದೆ. ಆಗ ಹೆದರಿಕೆ ಇತ್ತು. ನೌಕರಿಯ ಹೆದರಿಕೆ, ರೋಗದ ಹೆದರಿಕೆ.

ಮನೆಗಳಲ್ಲಿ ಏನಾಗುತ್ತಿತ್ತು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಒಂದೇ ಕೋಣೆಯ ಮನೆ. ಅಪ್ಪ, ಅಣ್ಣ, ಬೆಂಗಳೂರಿನಿಂದ ಕೆಲಸ ಬಿಟ್ಟು ಬಂದ ಚಿಕ್ಕಪ್ಪ, ಎಲ್ಲ ಗಂಡಸರೂ ಹಗಲೆಲ್ಲ ಮನೆಯಲ್ಲೇ. ಬಚ್ಚಲಿಗೆ ಸೀರೆಯ ಪರದೆ. ಪ್ಯಾಡಿಗೆ ದುಡ್ಡು ಕೇಳುವುದು ಯಾರ ಹತ್ತಿರ? ಕೂಲಿಯೇ ಇಲ್ಲದ ಮನೆಯಲ್ಲಿ ಮೊದಲು ಕೈಬಿಡುವ ಖರ್ಚು ಅದೇ. ಬಟ್ಟೆ ಒಗೆದರೆ ಒಣಗಿಸುವುದು ಎಲ್ಲಿ? ಹೊರಸಿನ ಕೆಳಗೆ, ಕಟ್ಟಿಗೆಯ ಒಟ್ಟಿನ ಸಂದಿಯಲ್ಲಿ. ಅರೆ ಒಣಗಿದ ಬಟ್ಟೆಯನ್ನೇ ಮತ್ತೆ ಕಟ್ಟಿಕೊಳ್ಳುವುದು. ತೊಡೆ ಸುಲಿದು, ತುರಿಕೆ ಹತ್ತಿ, ಹುಣ್ಣಾದರೂ ಯಾರಿಗೂ ಹೇಳುವಂತಿಲ್ಲ.

ಅದೇ ಹೊತ್ತಿನಲ್ಲಿ ನಮ್ಮ ಸಂಘಗಳ ಹೆಂಗಸರು ಹಗಲೂ ರಾತ್ರಿ ಹೊಲಿಗೆ ಯಂತ್ರ ತುಳಿದು ಮಾಸ್ಕ್ ಹೊಲಿದರು. ನಮ್ಮೂರಿನ ಸಂಘವೂ ಹೊಲಿಯಿತು. ಪತ್ರಿಕೆಯವರು ಬಂದು ಫೋಟೋ ತೆಗೆದರು. ಒಳ್ಳೆಯ ಕೆಲಸವೇ. ಅದೇ ಯಂತ್ರ, ಅದೇ ಹತ್ತಿ ಬಟ್ಟೆ, ಅದೇ ಕೈ. ಆದರೆ ಮನೆಯಲ್ಲಿ ಕುಳಿತ ಮಗಳಿಗೆ ನಾಲ್ಕು ಪದರದ ಒಂದು ಬಟ್ಟೆ ಹೊಲಿಯಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಗುಡಿಕಟ್ಟೆಯ ಪಾಠ

ಜೂನ್ 25ಕ್ಕೆ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯಿತು. ಮೂರು ತಿಂಗಳ ಮೇಲೆ ಹುಡುಗಿಯರ ಮುಖ ನೋಡಿದೆ. ಮೊದಲ ದಿನ ಬೆಳಗ್ಗೆಯೇ ಒಬ್ಬಳು ಹತ್ತಿರ ಬಂದು ಪಿಸುಮಾತಿನಲ್ಲಿ, “ಟೀಚರ್ರೀ, ಪ್ಯಾಡ್ ಅದಾವೇನ್ರೀ?” ಎಂದು ಕೇಳಿದಳು. ಆಗ ನಾನು ಬೀರು ತೆಗೆದೆ. ಯಾರ ಆದೇಶವನ್ನೂ ಕೇಳಲಿಲ್ಲ. ಹತ್ತನೆಯವರಿಗೆಲ್ಲ ಕೊಟ್ಟೆ. ಎಂಟು, ಒಂಬತ್ತನೆಯವರ ಪಾಲು ಬೀರುವಿನಲ್ಲೇ ಉಳಿಯಿತು. ಅವರಿಗೆ ಪರೀಕ್ಷೆ ಇರಲಿಲ್ಲ, ಅವರು ಬರಲಿಲ್ಲ. ನಾನೂ ಅವರ ಮನೆಗೆ ಹೋಗಲಿಲ್ಲ.

ಆಗಸ್ಟಿನಲ್ಲಿ ‘ವಿದ್ಯಾಗಮ’ ಬಂತು. ಫೋನಿಲ್ಲದ ಮಕ್ಕಳಿಗೆ ಓಣಿಯಲ್ಲೇ ಪಾಠ. ಮರದ ಕೆಳಗೆ, ಸಮುದಾಯ ಭವನದಲ್ಲಿ, ಗುಡಿಯ ಕಟ್ಟೆಯ ಮೇಲೆ. ನಮ್ಮ ಕಡೆ ನೆರಳಿರುವ ಜಾಗವೆಂದರೆ ಗುಡಿಕಟ್ಟೆಯೇ. ಅಲ್ಲಿಯೇ ಕೂಡಿಸಿ ಪಾಠ ಮಾಡಿದೆ. ಎರಡನೆಯ ವಾರ ನೋಡುತ್ತೇನೆ, ಹುಡುಗಿಯರು ಒಬ್ಬೊಬ್ಬರಾಗಿ ನಾಲ್ಕೈದು ದಿನ ಕಾಣೆಯಾಗುತ್ತಿದ್ದಾರೆ. ಒಬ್ಬಳನ್ನು ಬಾವಿಯ ಹತ್ತಿರ ನಿಲ್ಲಿಸಿ ಕೇಳಿದೆ. “ಗುಡಿಕಟ್ಟಿಗೆ ಹೆಂಗ ಬರ್ಲಿರೀ ಟೀಚರ್, ನಾ ಕಡೀಗೆ ಆಗೀನಿ” ಎಂದಳು.

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಶಾಲೆಯ ಕೋಣೆಗೆ ಮುಟ್ಟು ಮೈಲಿಗೆ ಇರಲಿಲ್ಲ. ಪಾಠವನ್ನು ಗುಡಿಗೆ ಒಯ್ದು ನಾನೇ ಮೈಲಿಗೆ ಅಂಟಿಸಿದ್ದೆ. ಚಿತ್ರದುರ್ಗ, ತುಮಕೂರು ಕಡೆಯ ಕೆಲವು ಹಟ್ಟಿಗಳಲ್ಲಿ ಮುಟ್ಟಾದವರನ್ನು ಊರ ಹೊರಗೆ ಇಡುತ್ತಾರೆಂದು ಓದಿ ನಾವು ಅಯ್ಯೋ ಅನ್ನುತ್ತೇವೆ. ನಮ್ಮೂರಿನಲ್ಲಿ ಗುಡಿಸಲು ಇಲ್ಲ ಅಷ್ಟೆ. ಮರುದಿನ ಪಾಠವನ್ನು ಒಬ್ಬರ ಮನೆಯ ಮಾಳಿಗೆಯ ಮೇಲೆ ಇಟ್ಟೆ. ಆದರೆ ಅಷ್ಟು ಹೊತ್ತಿಗೆ ಕಾಲುವೆಗೆ ನೀರು ಬಿಟ್ಟಿದ್ದರು, ಬತ್ತದ ನಾಟಿ ಶುರುವಾಗಿತ್ತು. ಗುತ್ತಿಗೆ ಹಿಡಿದ ಗುಂಪುಗಳು ಕೈ ಸಾಲದೆ ಹುಡುಗಿಯರನ್ನೂ ಕರೆದುಕೊಂಡು ಹೋದವು. ಮೊಣಕಾಲುದ್ದ ಕೆಸರು ನೀರಿನಲ್ಲಿ ಬೆಳಗಿನಿಂದ ಸಂಜೆ ತನಕ ಬಗ್ಗಿ ನಿಂತ ಹುಡುಗಿಗೆ ಮುಟ್ಟಾದರೆ ಏನು ಗತಿ? ನೀವು ಅನುಭವಿಸಿದವರು, ನಾನು ಹೇಳಬೇಕಿಲ್ಲ. ಅಕ್ಟೋಬರಿನಲ್ಲಿ ಶಿಕ್ಷಕರಿಗೆ, ಮಕ್ಕಳಿಗೆ ರೋಗ ಹತ್ತಿದ ಸುದ್ದಿ ಬಂದು ವಿದ್ಯಾಗಮವೂ ನಿಂತುಹೋಯಿತು.

ಒಬ್ಬ ಹುಡುಗಿ

ಈಗ ಆ ಹುಡುಗಿಯ ಮಾತು. ಅವಳ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. 2020ರಲ್ಲಿ ಅವಳಿಗೆ 14 ವರ್ಷ. ಎಂಟನೆಯದು ಮುಗಿದಿತ್ತು. ಗಣಿತದಲ್ಲಿ ಚುರುಕು. ಮೇ ತಿಂಗಳಲ್ಲಿ ಮೊದಲ ಸಲ ಮುಟ್ಟಾದಳು. ಮೂಲೆಯಲ್ಲಿ ಕೂಡಿಸಿದರು. ಕೊಬ್ಬರಿ, ಬೆಲ್ಲ ತಿನ್ನಿಸಿದರು. ಸೋದರಮಾವ ಸೀರೆ ತಂದ. ಆರತಿ ಮಾಡಿದರು. ಶಾಲೆ ನಡೆಯುತ್ತಿದ್ದರೆ ಹತ್ತು ದಿನದ ಮೇಲೆ ಜಡೆ ಹೆಣೆದುಕೊಂಡು ಮತ್ತೆ ಒಂಬತ್ತನೆಯ ತರಗತಿಗೆ ಬರುತ್ತಿದ್ದಳು. ಎಷ್ಟೋ ಹುಡುಗಿಯರು ಹಾಗೆ ಬಂದಿದ್ದಾರೆ. ಇವಳಿಗೆ ಬರಲು ಶಾಲೆಯೇ ಇರಲಿಲ್ಲ.

ಅವಳ ತಾಯಿ ಆಮೇಲೆ ನನಗೆ ಹೇಳಿದ ಮಾತು ಇದು: “ಟೀಚರ್ರೀ, ಸಾಲಿ ಇದ್ದಿದ್ರ ಸಾಲಿಗೆ ಹೊಕ್ಕಾಳ ಅಂತ ಹೇಳಿ ಮಂದಿ ಬಾಯಿ ಮುಚ್ಚಸ್ತಿದ್ದೆ. ಸಾಲೀನ ಇಲ್ಲ. ದೊಡ್ಡಾಕಿ ಆದ ಹುಡುಗೀನ ಯಾಕ ಇಟ್ಕೊಂಡು ಕುಂತೀರಿ ಅಂತ ಕೇಳಿದ್ರ ನಾ ಏನ್ ಹೇಳ್ಲಿ?”

ಆಗಿನ ಲೆಕ್ಕಾಚಾರ ಇನ್ನೊಂದಿತ್ತು. ಲಾಕ್‌ಡೌನ್ ಸಡಿಲವಾದ ಮೇಲೆ ಮದುವೆಗೆ 50 ಜನರಿಗಿಂತ ಹೆಚ್ಚು ಸೇರುವಂತಿಲ್ಲ ಎಂದು ನಿಯಮ ಮಾಡಿದ್ದರು. ಆಮೇಲೆ ನಿಯಮ ಸ್ವಲ್ಪ ಬದಲಾದರೂ ಸಣ್ಣ ಮದುವೆಯ ರೂಢಿ ಉಳಿಯಿತು. ಕಲ್ಯಾಣ ಮಂಟಪ ಬೇಡ, ಬ್ಯಾಂಡು ಬೇಡ, ಊರಿಗೆ ಊಟ ಬೇಡ. ಗಂಡಿನ ಕಡೆಯವರೂ ‘ಹುಡುಗಿ ಸಣ್ಣಾಕಿ, ಹೆಚ್ಚಿಗೆ ಏನೂ ಕೇಳೂದಿಲ್ಲ’ ಎಂದರು. ಎರಡು ವರ್ಷ ತಡೆದರೆ ಬಂಗಾರ ಹೆಚ್ಚು ಕೊಡಬೇಕು, ಈಗಾದರೆ ಅಗ್ಗದಲ್ಲಿ ಮುಗಿಯುತ್ತದೆ. ದೀಪಾವಳಿ ಮುಗಿದ ಮೇಲೆ ಒಂದು ನಸುಕಿನಲ್ಲಿ ಮನೆಯ ಅಂಗಳದಲ್ಲೇ ತಾಳಿ ಕಟ್ಟಿಸಿದರು.

2021ರ ಫೆಬ್ರವರಿ 1ರಂದು ಒಂಬತ್ತನೆಯ ತರಗತಿ ಪೂರ್ಣವಾಗಿ ಶುರುವಾಯಿತು. ಹಾಜರಿ ಕೂಗಿದೆ. ಅವಳ ಹೆಸರು ಬಂದಾಗ ಹುಡುಗಿಯರೆಲ್ಲ ತಲೆ ತಗ್ಗಿಸಿದರು. ಅದೇ ದಿನ ಬೀರು ತೆಗೆದೆ. ಒಂದು ಪೆಟ್ಟಿಗೆಯನ್ನು ಇಲಿ ಕಡಿದು ಹತ್ತಿಯೆಲ್ಲ ಹರಡಿಕೊಂಡಿತ್ತು. ಎಂಟು, ಒಂಬತ್ತನೆಯವರಿಗೆಂದು ಉಳಿಸಿದ್ದ ಪೆಟ್ಟಿಗೆ ಅದು.

ಪ್ಯಾಡು ಕೊಟ್ಟಿದ್ದರೆ ಮದುವೆ ನಿಲ್ಲುತ್ತಿತ್ತೇ ಎಂದು ನೀವು ಕೇಳಬಹುದು. ಒಂದು ಕಟ್ಟು ಪ್ಯಾಡಿಗೆ ಅಷ್ಟು ಬಲವಿಲ್ಲ. ಆದರೆ ಪ್ಯಾಡು ಕೊಡಲು ತಿಂಗಳಿಗೊಮ್ಮೆ ಅವಳ ಮನೆಗೆ ಹೋಗಿದ್ದರೆ, ಮೇ ತಿಂಗಳಲ್ಲೇ ಅವಳು ದೊಡ್ಡವಳಾದದ್ದು ನನಗೆ ತಿಳಿಯುತ್ತಿತ್ತು. ಸೆಪ್ಟೆಂಬರಿನಲ್ಲಿ ಹೆಣ್ಣು ನೋಡಲು ಬಂದದ್ದು ತಿಳಿಯುತ್ತಿತ್ತು. ತಾಯಿಗೆ ಮಂದಿಯ ಬಾಯಿ ಮುಚ್ಚಿಸಲು ‘ಟೀಚರ್ ಬರತಾರ, ಪುಸ್ತಕ ಕೊಟ್ಟು ಹೋಗ್ಯಾರ’ ಎಂಬ ಒಂದು ಮಾತಾದರೂ ಸಿಗುತ್ತಿತ್ತು.

ಎಮ್ಮೆಯ ಸಾಲ

ಇನ್ನು ನಿಮ್ಮ ಪಾಲಿನ ಪ್ರಶ್ನೆ. ಮದುವೆಗೆ ದುಡ್ಡು ಎಲ್ಲಿಂದ ಬಂತು ಎಂದು ತಾಯಿಯನ್ನು ಕೇಳಿದೆ. “ಸಂಘದಾಗ ಎತ್ತಿದ್ವಿರೀ” ಎಂದಳು. ಸಂಘದ ಪುಸ್ತಕ ತರಿಸಿ ನೋಡಿದೆ. 30,000 ರೂಪಾಯಿ ಸಾಲ. ಉದ್ದೇಶ: ಎಮ್ಮೆ ಖರೀದಿ. ಆ ಎಮ್ಮೆ ಯಾವ ಕೊಟ್ಟಿಗೆಯಲ್ಲೂ ಇರಲಿಲ್ಲ. ಇರುವುದಿಲ್ಲವೆಂದು ಸಹಿ ಹಾಕಿದ ಎಲ್ಲರಿಗೂ ಗೊತ್ತಿತ್ತು. ಆ ನಸುಕಿನಲ್ಲಿ ಅಕ್ಕಿಕಾಳು ಹಾಕಿದವರೂ ಅವರೇ.

ಸಂಘದ ಹೆಂಗಸರ ಮೇಲೆ ನನಗೆ ಸಿಟ್ಟಿಲ್ಲ. ಅವರಲ್ಲಿ ಹೆಚ್ಚಿನವರು ತಾವೇ ಹದಿನಾಲ್ಕು ಹದಿನೈದಕ್ಕೆ ತಾಳಿ ಕಟ್ಟಿಸಿಕೊಂಡವರು. ಆದರೆ ನೋಡಿ, ಹುಡುಗಿ ಎರಡರ ನಡುವೆ ಸಿಕ್ಕಿಬಿದ್ದಳು. ತೆಗೆಯಬೇಕಾಗಿದ್ದ ಬೀರನ್ನು ನಾನು ತೆಗೆಯಲಿಲ್ಲ. ಮುಚ್ಚಬೇಕಾಗಿದ್ದ ಸಾಲದ ಪುಸ್ತಕವನ್ನು ಸಂಘ ತೆಗೆಯಿತು. ಎರಡೂ ಹೆಂಗಸರ ಕೈಯಲ್ಲೇ ಇದ್ದವು.

ಮುಂದಿನದು ನಿಮಗೆ ಗೊತ್ತಿರುವ ಕತೆಯೇ. ಮದುವೆಯಲ್ಲಿ ಕೇಳದೆ ಬಿಟ್ಟದ್ದನ್ನು ಆಮೇಲೆ ಕೇಳಿದರು. ಮೊದಲು ಮೊಬೈಲು, ಆಮೇಲೆ ಬೈಕು. ಕೊಡದಿದ್ದಾಗ ಹೊಡೆದರು. 16ಕ್ಕೆ ಹೆರಿಗೆಯಾಯಿತು. ಮೈಯಲ್ಲಿ ರಕ್ತ ಇಲ್ಲವೆಂದು ಜಿಲ್ಲಾ ಆಸ್ಪತ್ರೆಗೆ ಒಯ್ದರು. ತಾಯಿ ಮಗು ಇಬ್ಬರೂ ಉಳಿದರು. 2023ರಲ್ಲಿ ಮುರಿದ ಕೈಯೊಂದಿಗೆ ತವರಿಗೆ ಬಂದಳು. ಅಗ್ಗವೆಂದು ಮಾಡಿದ ಮದುವೆಗೆ ಅವಳ ತಾಯಿ ಇನ್ನೂ ಕಂತು ಕಟ್ಟುತ್ತಿದ್ದಾಳೆ. ವರದಕ್ಷಿಣೆಯ ಮಾತಿಗೆ ಬರುತ್ತೇನೆ ಎಂದು ಹೇಳಿದ್ದೆನಲ್ಲ, ಇದೇ ಆ ಮಾತು. ಸಣ್ಣ ವಯಸ್ಸಿನಲ್ಲಿ ಕೊಟ್ಟರೆ ವರದಕ್ಷಿಣೆ ಕಡಿಮೆಯಾಗುವುದಿಲ್ಲ, ತಡವಾಗಿ ವಸೂಲಾಗುತ್ತದೆ. ಎದುರು ಮಾತಾಡಲು ವಯಸ್ಸಿಲ್ಲದ, ಓದಿಲ್ಲದ, ಕೈಯಲ್ಲಿ ಕೆಲಸವಿಲ್ಲದ ಹುಡುಗಿಯಿಂದ ವಸೂಲು ಮಾಡುವುದು ಸುಲಭ.

ಇದು ಒಂದು ಮನೆಯ ಮಾತಲ್ಲ. 2019ರಿಂದ 21ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ ನೂರಕ್ಕೆ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಅದೇ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 19ರ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ.

ಎರಡನೆಯ ಸಲ

2021ರ ಏಪ್ರಿಲಿನಲ್ಲಿ ಎರಡನೆಯ ಅಲೆ ಬಂದು ಶಾಲೆ ಮತ್ತೆ ಮುಚ್ಚಿತು. ಈ ಸಲ ನಾನು ಕಾಯಲಿಲ್ಲ. ಶುಚಿ ಪ್ಯಾಡುಗಳು ಬರುವುದು ಅಷ್ಟರಲ್ಲಿ ನಿಂತೇಹೋಗಿತ್ತು. ಸಂಘದವರ ಮುಂದೆ ಹೋಗಿ ನನ್ನ ಬೀರುವಿನ ಕತೆ ಹೇಳಿದೆ, ಅವರ ಎಮ್ಮೆಯ ಕತೆಯನ್ನೂ ಹೇಳಿದೆ. ಜಗಳವಾಯಿತು. ಇಬ್ಬರು ಎದ್ದು ಹೋದರು. ಉಳಿದವರು ಬಡ್ಡಿ ಹಣದಲ್ಲಿ ಬಿಳಿ ಹತ್ತಿ ಬಟ್ಟೆ ತಂದರು. ಮಾಸ್ಕ್ ಹೊಲಿದ ಯಂತ್ರದಲ್ಲೇ ನಾಲ್ಕು ಪದರದ ಪ್ಯಾಡು ಹೊಲಿದರು. ಎರಡು ಕಡೆ ರೆಕ್ಕೆ, ಅದಕ್ಕೊಂದು ಗುಂಡಿ. ಹುಡುಗಿಗೆ ಆರರಂತೆ ಕೊಟ್ಟೆವು. ಆಶಾ ಕಾರ್ಯಕರ್ತೆ ಜ್ವರ ಕೇಳಲು ಮನೆಮನೆಗೆ ಹೋಗುವಾಗ ಚೀಲದಲ್ಲಿ ಒಯ್ದಳು. ಪಿಯುಸಿ ಓದಿದ ಇಬ್ಬರು ಹುಡುಗಿಯರು ಸಂಜೆ ಮಾಳಿಗೆಯ ಮೇಲೆ ಸಣ್ಣವರನ್ನು ಕೂಡಿಸಿಕೊಂಡು ಲೆಕ್ಕ ಮಾಡಿಸಿದರು. ಸಂಘ ಒಂದು ನೋಟುಬುಕ್ಕು ಇಟ್ಟಿತು. ಹುಡುಗಿಯ ಹೆಸರು, ತರಗತಿ, ಈ ತಿಂಗಳು ಕಂಡಳೋ ಇಲ್ಲವೋ, ಇಷ್ಟೇ.

ಜೂನಿನಲ್ಲಿ ಆ ನೋಟುಬುಕ್ಕಿನಿಂದಲೇ ಒಂದು ಮದುವೆ ತಯಾರಿಯ ಸುಳಿವು ಸಿಕ್ಕಿತು. ಒಂಬತ್ತನೆಯ ತರಗತಿಯ ಹುಡುಗಿ. ವರನ ತಾಯಿ ನಮ್ಮ ಸಂಘದವಳೇ. ನಾಲ್ವರು ಹೋಗಿ ಮಾತಾಡಿದರು, ಕೇಳಲಿಲ್ಲ. 1098ಕ್ಕೆ ಫೋನು ಮಾಡಿದೆವು. ಅಧಿಕಾರಿಗಳು ಬಂದು ಮುಚ್ಚಳಿಕೆ ಬರೆಸಿಕೊಂಡರು. ನಮ್ಮ ಮನೆಗೆ ಕಲ್ಲು ಬಿತ್ತು. ಸಂಘದಲ್ಲಿ ಆರು ತಿಂಗಳು ಮಾತಿಲ್ಲ ಕತೆಯಿಲ್ಲ. ಆಗಸ್ಟ್ 23ಕ್ಕೆ ಒಂಬತ್ತು, ಹತ್ತನೆಯ ತರಗತಿಗಳ ಬಾಗಿಲು ತೆರೆದಾಗ ಆ ಹುಡುಗಿ ಬಂದು ಬೆಂಚಿನ ಮೇಲೆ ಕೂತಳು. ಈಗ ನರ್ಸಿಂಗ್ ಓದುತ್ತಿದ್ದಾಳೆ. ವರನ ತಾಯಿ ಮೊನ್ನೆ ಬಿ.ಪಿ. ನೋಡಿಸಿಕೊಳ್ಳಲು ಅವಳ ಹತ್ತಿರವೇ ಹೋಗಿದ್ದಳು.

ಮನೆಯಲ್ಲಿ ಗೊತ್ತಿರಬೇಕಾದದ್ದು

ಮುಟ್ಟಿನ ವಿಷಯವಾಗಿ ಕೆಲವು ಮಾತು ನೇರವಾಗಿ ಹೇಳುತ್ತೇನೆ. ನಾಚಿಕೊಂಡು ಕೂತರೆ ಮಕ್ಕಳಿಗೆ ತೊಂದರೆ.

ಮೊದಲ ಎರಡು ಮೂರು ವರ್ಷ ಮುಟ್ಟು ಹಿಂದೆ ಮುಂದೆ ಆಗುವುದು ಸಹಜ. 21ರಿಂದ 45 ದಿನಗಳ ಒಳಗೆ ಬಂದರೆ ಹೆದರಬೇಕಿಲ್ಲ. ಏಳು ದಿನಕ್ಕಿಂತ ಹೆಚ್ಚು ಹೋದರೆ, ಗಂಟೆಗೆ ಎರಡು ಗಂಟೆಗೆ ಪ್ಯಾಡು ತೊಯ್ದರೆ, ಏಳಲಾಗದಷ್ಟು ಹೊಟ್ಟೆನೋವು ಬಂದರೆ, 15 ತುಂಬಿದರೂ ಮುಟ್ಟಾಗದಿದ್ದರೆ ಡಾಕ್ಟರಿಗೆ ತೋರಿಸಿ. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹಾ ಕ್ಲಿನಿಕ್ ಇದೆ. ‘ಮದುವೆ ಆದ ಮೇಲೆ ಸರಿಹೋಗುತ್ತದೆ’ ಎಂಬ ಮಾತನ್ನು ಯಾರೂ ಆಡಬೇಡಿ. ಮದುವೆ ಯಾವ ರೋಗಕ್ಕೂ ಔಷಧಿ ಅಲ್ಲ.

ಪ್ಯಾಡಾಗಲಿ ಬಟ್ಟೆಯಾಗಲಿ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು. ಬಟ್ಟೆ ಕೀಳಲ್ಲ. ಹತ್ತಿ ಬಟ್ಟೆಯನ್ನು ತಣ್ಣೀರಿನಲ್ಲಿ ಸೋಪು ಹಚ್ಚಿ ಒಗೆದು, ಪೂರಾ ಬಿಸಿಲಿನಲ್ಲಿ ಒಣಗಿಸಿದರೆ ಅದು ಒಳ್ಳೆಯದೇ. ಕದ್ದು ನೆರಳಲ್ಲಿ ಒಣಗಿಸಿದಾಗಲೇ ತೊಂದರೆ. ನಿಮ್ಮ ಮನೆಯ ಹಗ್ಗದ ಮೇಲೆ ಗಂಡಸರ ಲುಂಗಿಯ ಪಕ್ಕದಲ್ಲಿ ಮಗಳ ಬಟ್ಟೆ ಒಣಗಲಿ. ಕಟ್ಟಿಕೊಂಡ ಬಟ್ಟೆ ಕೆಸರಿನಲ್ಲಿ ತೊಯ್ದರೆ ಕೂಡಲೇ ಬದಲಿಸಬೇಕು. ಆ ನಾಲ್ಕು ದಿನ ನಾಟಿಗೆ ಕಳಿಸದಿದ್ದರೆ ಇನ್ನೂ ಒಳ್ಳೆಯದು.

ಜನೌಷಧಿ ಅಂಗಡಿಯಲ್ಲಿ ‘ಸುವಿಧಾ’ ಪ್ಯಾಡು 2019ರಿಂದ ಒಂದಕ್ಕೆ ಒಂದು ರೂಪಾಯಿಯಂತೆ ಸಿಗುತ್ತಿದೆ. ನಿಂತುಹೋಗಿದ್ದ ಶುಚಿ ಯೋಜನೆಯನ್ನು ಸರ್ಕಾರ 2024ರಲ್ಲಿ ಮತ್ತೆ ಶುರು ಮಾಡಿತು. ನಿಮ್ಮೂರಿನ ಶಾಲೆಗೆ ಬಂದಿದೆಯೇ, ಪ್ರತಿ ತಿಂಗಳು ಹಂಚುತ್ತಾರೆಯೇ ಎಂದು ಹೋಗಿ ಕೇಳಿ. ಕೇಳುವವರಿದ್ದರೆ ಬೀರು ತೆರೆಯುತ್ತದೆ. ನನ್ನನ್ನು ಆಗ ಯಾರೂ ಕೇಳಲಿಲ್ಲ.

ಕಾನೂನಿನ ಮಾತು. 18 ತುಂಬದ ಹುಡುಗಿಯ ಮದುವೆ ಮಾಡಿಸಿದವರಿಗೆ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ನಮ್ಮ ರಾಜ್ಯದ 2016ರ ತಿದ್ದುಪಡಿಯಂತೆ ಅಂಥ ಮದುವೆ ಮದುವೆಯೇ ಅಲ್ಲ, ಮೊದಲಿನಿಂದಲೇ ಅಸಿಂಧು. 18ರ ಒಳಗಿನ ಹೆಂಡತಿಯೊಂದಿಗೆ ಮೈಸಂಬಂಧ ಮಾಡಿದರೆ ಅದು ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದೆ. ಸುಳಿವು ಸಿಕ್ಕರೆ 1098ಕ್ಕೆ ಫೋನು ಮಾಡಿ.

ಸಂಘಗಳಿಗೆ ಮೂರು ಬೇಡಿಕೆ

ಕೋವಿಡ್ ಮುಗಿಯಿತಲ್ಲ, ಇನ್ನೇಕೆ ಈ ಮಾತು ಅನ್ನಬೇಡಿ. ಪ್ರತಿ ವರ್ಷ ಏಪ್ರಿಲ್, ಮೇ ಬೇಸಿಗೆ ರಜೆ. ಶಾಲೆಗೆ ಬೀಗ, ಬಿಸಿಯೂಟದ ಒಲೆ ತಣ್ಣಗೆ, ಪ್ಯಾಡಿನ ಬೀರು ಬಂದ್. ಬಸವ ಜಯಂತಿ, ಅಕ್ಷಯ ತದಿಗೆಯ ಮದುವೆಗಳೂ ಅದೇ ಹೊತ್ತಿನಲ್ಲಿ. ನಮ್ಮ ಹೆಣ್ಣುಮಕ್ಕಳಿಗೆ ಅದು ವರ್ಷ ವರ್ಷ ಬರುವ ಸಣ್ಣ ಲಾಕ್‌ಡೌನ್. ಹೊಳೆ ಬಂದಾಗಲೂ ಶಾಲೆ ಮುಚ್ಚುತ್ತದೆ. ಆದ್ದರಿಂದ ಮೂರು ಮಾತು ಕೇಳುತ್ತೇನೆ.

ಒಂದು, ಪ್ರತಿ ಸಂಘದಲ್ಲಿ ಒಬ್ಬರ ಮನೆಯಲ್ಲಿ ಪ್ಯಾಡಿನ, ಹೊಲಿದ ಬಟ್ಟೆಯ ಒಂದು ಡಬ್ಬಿ ಇರಲಿ. ಅದಕ್ಕೆ ಬೀಗ ಬೇಡ. ಓಣಿಯ ಯಾವ ಹುಡುಗಿಯಾದರೂ ಬಂದು ಕೇಳದೆ ತೆಗೆದುಕೊಂಡು ಹೋಗಲಿ.

ಎರಡು, ಒಂದು ನೋಟುಬುಕ್ಕು. ಓಣಿಯಲ್ಲಿ 10ರಿಂದ 18ರ ಹುಡುಗಿಯರು ಎಷ್ಟು, ಶಾಲೆಗೆ ಹೋಗುತ್ತಿದ್ದಾರೆಯೇ, ಈ ತಿಂಗಳು ಕಣ್ಣಿಗೆ ಬಿದ್ದರೇ ಎಂದು ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕದ ಜೊತೆಗೇ ಓದಿ. ಶಾಲೆಗೆ ರಜೆಯಿದ್ದಾಗ ತಪ್ಪದೇ ಓದಿ.

ಮೂರು, ನಿಮಗೆ ಕಷ್ಟವಾಗುವ ಮಾತು. ಮದುವೆಗೆ ಸಾಲ ಕೇಳಿದರೆ ಹುಡುಗಿಯ ಶಾಲೆಯ ದಾಖಲೆ ನೋಡದೆ ಕೊಡಬೇಡಿ. 18 ತುಂಬದವಳ ಮದುವೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಎಮ್ಮೆ ಎಂದು ಬರೆಸಿದರೆ ಕೊಟ್ಟಿಗೆಗೆ ಹೋಗಿ ಎಮ್ಮೆ ನೋಡಿ ಬನ್ನಿ. ಅದೇ 30,000 ರೂಪಾಯಿ ಹುಡುಗಿಯ ಕಾಲೇಜಿಗೆ ಬೇಕೆಂದು ಕೇಳಿದರೆ ಮೊದಲು ಅವರಿಗೆ ಕೊಡಿ.

ಆ ಹುಡುಗಿಗೆ ಈಗ 18 ದಾಟಿದೆ. ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಅರ್ಜಿ ಹಾಕಿದ್ದಾಳೆ. ಖಾಸಗಿಯಾಗಿ ಎಸ್ಸೆಸ್ಸೆಲ್ಸಿಗೆ ಕಟ್ಟಿದ್ದಾಳೆ. ವಾರಕ್ಕೆ ಮೂರು ಸಂಜೆ ಮಗುವನ್ನು ಎತ್ತಿಕೊಂಡು ನನ್ನ ಮನೆಗೆ ಗಣಿತ ಹೇಳಿಸಿಕೊಳ್ಳಲು ಬರುತ್ತಾಳೆ. ಎಂಟನೆಯದರಲ್ಲಿ ಬಿಟ್ಟ ಬೀಜಗಣಿತವನ್ನು ಅಲ್ಲಿಂದಲೇ ಶುರು ಮಾಡಿದ್ದೇವೆ. ಮೊನ್ನೆ ಕೇಳಿದಳು, “ಟೀಚರ್ರೀ, ಆವಾಗ ನೀವು ನಮ್ಮನಿಗೆ ಯಾಕ ಬರ್ಲಿಲ್ರೀ?” ಎಂದು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಓಣಿಯ ಯಾವ ಹುಡುಗಿಯೂ ನಿಮ್ಮನ್ನು ಹಾಗೆ ಕೇಳದಿರಲಿ.

ಮುಂದಿನ ವಾರದ ಸಭೆಗೆ ನಿಮ್ಮ ನಿಮ್ಮ ಸಾಲದ ಪುಸ್ತಕ ತನ್ನಿ. ನಾನೂ ಬರುತ್ತೇನೆ. ಒಟ್ಟಿಗೆ ಕೂತು ಓದೋಣ.